ಆಲ್ದೋ ಬಂದ ಮೇಲೆ ಬಟ್ ಯಾಕೆ?

ಪ್ರಶ್ನೆ: ಮೇಡಂ, ನಾನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರದ ಅಂಗಡಿಯೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಹೊರ ರಾಜ್ಯದ ಪಾರ್ಟಿಗಳಿಗೆ ಇಂಗ್ಲಿಷ್‌ನಲ್ಲಿ ಮೇಲ್ ಬರೆಯೋದೂ ನನ್ನ ಕೆಲಸವೇ. ಕಳೆದ ವಾರ ಹೀಗೆ ಬರೆದೆ: "ಆಲ್ದೋ ದ ಕಲರ್ ಆಫ್ ದಿಸ್ ಲಾಟ್ ಈಸ್ ಗುಡ್ ಬಟ್ ದ ಮಾಯಿಶ್ಚರ್ ಈಸ್ ಹೈ. ಡಿಸ್ಪೈಟ್ ಆಫ್ ದಿಸ್ ಅವರ್ ರೇಟ್ ಈಸ್ ಲೋ, ಹೌಎವರ್ ಯು ಕ್ಯಾನ್ ಚೆಕ್ ದ ಸ್ಯಾಂಪಲ್. ಈವನ್ ದೋ ಯು ಪೇ ಲೇಟ್, ವಿ ವಿಲ್ ಸೆಂಡ್ ದ ಗೂಡ್ಸ್." ಆ ಪಾರ್ಟಿಯವರು ಫೋನ್ ಮಾಡಿ, "ನಾವು ಯಾವಾಗ ದುಡ್ಡು ತಡ ಮಾಡಿದ್ದೇವೆ?" ಅಂತ ಸಿಟ್ಟಾದರು. ನನಗೆ ತಪ್ಪು ಎಲ್ಲಿ ಅಂತ ತಿಳಿಯಲಿಲ್ಲ. ನನ್ನ ತಂಗಿ ಧಾರವಾಡದ ಸಪ್ತಾಪುರದಲ್ಲಿದ್ದು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ಅವಳು ಆಲ್ದೋ ಜೊತೆ ಬಟ್ ಬರಬಾರದು, ಯೆಟ್ ಬರಬೇಕು ಅಂತಾಳೆ. ಅಂಗಡಿಯ ಹಿರಿಯರು ಎಲ್ಲಾ ನಡೆಯುತ್ತೆ ಬಿಡು ಅಂತಾರೆ. ಯಾವುದು ಸರಿ? ಈ ಪದಗಳನ್ನೆಲ್ಲ ಎಲ್ಲೆಲ್ಲಿ ಬಳಸಬೇಕು?

ಉತ್ತರ:

ಮೊದಲು ಆ ಫೋನ್ ಕರೆಯ ವಿಷಯ ಮುಗಿಸೋಣ. ವ್ಯಾಪಾರಕ್ಕೆ ಪೆಟ್ಟು ಬಿದ್ದದ್ದು ಅಲ್ಲೇ ಅಲ್ವಾ? ಉಳಿದ ತಪ್ಪುಗಳಿಂದ ಮೇಲ್ ಸ್ವಲ್ಪ ಅಂದಗೆಟ್ಟಿದೆ, ಅಷ್ಟೇ. ಕೊನೆಯ ವಾಕ್ಯದಲ್ಲಿ ಮಾತ್ರ ನೀವು ಹೇಳಬೇಕೆಂದಿದ್ದೇ ಬೇರೆ, ಅವರು ಓದಿದ್ದೇ ಬೇರೆ.

ನೀವು ಬರೆಯುವಾಗ ನಿಮ್ಮ ಮನಸ್ಸಿನಲ್ಲಿದ್ದ ಕನ್ನಡ ಇದು: "ನೀವು ದುಡ್ಡು ತಡವಾಗಿ ಕೊಟ್ಟರೂ ಮಾಲು ಕಳಿಸುತ್ತೇವೆ." ಎಷ್ಟು ಒಳ್ಳೆಯ ಮಾತು! ಒಂದು ವೇಳೆ ತಡ ಆದರೆ ಚಿಂತೆ ಬೇಡ ಅನ್ನೋ ಭರವಸೆ ಅದರಲ್ಲಿದೆ. ಆದರೆ ಈವನ್ ದೋ ಅಂದಾಗ ಇಂಗ್ಲಿಷ್ ಓದುಗನಿಗೆ ಕೇಳಿಸೋದು ಹೀಗೆ: "ನೀವು ದುಡ್ಡು ತಡ ಮಾಡ್ತೀರಿ, ಅದು ಗೊತ್ತಿರೋ ವಿಷಯ. ಆದರೂ ನಾವು ಮಾಲು ಕಳಿಸ್ತೀವಿ." ಅಂದರೆ ಭರವಸೆ ಹೋಗಿ ಅದು ಆರೋಪ ಆಯಿತು. ಅವರು ಸಿಟ್ಟಾಗಿದ್ದು ಸಹಜ. ಅಲ್ಲಿ ಬೇಕಾಗಿದ್ದದ್ದು ಈವನ್ ಇಫ್.

ಈ ತಪ್ಪಿಗೆ ನಿಮ್ಮ ಅಜಾಗರೂಕತೆ ಕಾರಣ ಅಂತ ನನಗೆ ಅನ್ನಿಸಲ್ಲ. ಕಾರಣ ನಮ್ಮ ಕನ್ನಡದ "ರೂ". ಸ್ವಲ್ಪ ಹತ್ತಿರದಿಂದ ನೋಡಿ. ಬಂದರೆ ಅನ್ನೋದಕ್ಕೆ ಊ ಸೇರಿದರೆ ಬಂದರೂ. ಶಾಲೆಯಲ್ಲಿ ಓದಿದ ಲೋಪಸಂಧಿ ನೆನಪಿದೆಯಲ್ಲ, ಅದೇ. ಬಂದರೆ ಅಂದರೆ ಇಂಗ್ಲಿಷ್‌ನ ಇಫ್. ಆ ಊ ಅಂದರೆ ನಾನೂ, ನೀನೂ ಅನ್ನುವಾಗ ಬರುವ ಊ, ಸುಮಾರಾಗಿ ಈವನ್. ಅಂದರೆ ನಮ್ಮ ಬಂದರೂ ಹೆಚ್ಚುಕಡಿಮೆ ಈವನ್ ಇಫ್ ಇದ್ದಹಾಗೇ ಕಟ್ಟಿರುವ ಪದ. ಇಷ್ಟೇ ಆಗಿದ್ದರೆ ಗೊಂದಲವೇ ಇರುತ್ತಿರಲಿಲ್ಲ. ಆದರೆ ನಾವು ಅದೇ ಪದವನ್ನು ನಡೆದುಹೋದ ಸಂಗತಿಗೂ ಬಳಸುತ್ತೇವೆ.

"ಮಳೆ ಬಂದರೂ ಲಾರಿ ಹೊರಡುತ್ತದೆ." ಮಳೆ ಇನ್ನೂ ಬಂದಿಲ್ಲ, ಬರಬಹುದು, ಬರದೇನೂ ಇರಬಹುದು.

"ಮಳೆ ಬಂದರೂ ಲಾರಿ ಹೊರಟಿತು." ಮಳೆ ಬಂತು. ನಾವೆಲ್ಲ ನೆನೆದೆವು. ಲಾರಿಯೂ ಹೋಯಿತು.

ಮಳೆ ಬಂದರೂ ಅನ್ನೋ ಎರಡು ಪದ ಎರಡೂ ಕಡೆ ಒಂದೇ. ಮಳೆ ನಿಜವಾಗಿ ಬಂತೋ ಇಲ್ಲವೋ ಅಂತ ನಮಗೆ ತಿಳಿಯೋದು ಕೊನೆಯ ಕ್ರಿಯಾಪದದಿಂದ. ಇಂಗ್ಲಿಷ್ ಹಾಗೆ ಕಾಯೋದಿಲ್ಲ. ವಾಕ್ಯದ ಬಾಗಿಲಲ್ಲೇ ಅದು ಕೇಳುತ್ತೆ: ನಡೆದ ಸಂಗತಿಯೋ, ಬರೀ ಊಹೆಯೋ? ನಡೆದಿದ್ದರೆ, ಇಲ್ಲವೇ ಈಗ ನಿಜವಾಗಿ ಇದ್ದರೆ ಈವನ್ ದೋ. ಆಗಬಹುದು ಅಂತಿದ್ದರೆ ಈವನ್ ಇಫ್. "ಈವನ್ ದೋ ಇಟ್ ರೇನ್ಡ್, ದ ಲಾರಿ ಲೆಫ್ಟ್." "ಈವನ್ ಇಫ್ ಇಟ್ ರೇನ್ಸ್, ದ ಲಾರಿ ವಿಲ್ ಲೀವ್." ರೂ ಬಂದಾಗಲೆಲ್ಲ ಒಂದು ಕ್ಷಣ ನಿಂತು, ಇದು ಆಗಿದೆಯಾ, ಆಗಬಹುದಾ ಅಂತ ಕೇಳಿಕೊಳ್ಳಿ. ನಿಮ್ಮ ಕೆಲಸದಲ್ಲಿ ಈ ಒಂದು ಅಭ್ಯಾಸ ಬಹಳ ದುಡ್ಡು ಉಳಿಸುತ್ತೆ.

ಈಗ ಆಲ್ದೋ ಮತ್ತು ಬಟ್. ನಿಮ್ಮ ತಂಗಿ ಹೇಳಿದ ಮೊದಲ ಅರ್ಧ ಸರಿ, ಇವೆರಡೂ ಒಂದೇ ವಾಕ್ಯದಲ್ಲಿ ಜೊತೆಯಾಗಿ ಬರಬಾರದು. ಒಂದು ಗಾಡಿ, ಎರಡು ಎತ್ತು, ಒಂದು ನೊಗ. ಎರಡು ಮಾತನ್ನು ಜೋಡಿಸೋಕೆ ಒಂದು ಪದ ಸಾಕು.

ಹಲವು ವರ್ಷದ ಹಿಂದೆ ನನ್ನ ತರಗತಿಯಲ್ಲಿ ಗದಗ ಕಡೆಯ ಹುಡುಗನೊಬ್ಬ ಹಲಗೆಯ ಮೇಲೆ ಬರೆದ: "ಆಲ್ದೋ ಹಿ ಈಸ್ ಪೂರ್, ಬಟ್ ಹಿ ಈಸ್ ಆನೆಸ್ಟ್." ನಾನು ತಪ್ಪು ಅನ್ನಲಿಲ್ಲ. ಇದನ್ನು ನಿಮ್ಮ ಮನೆಯಲ್ಲಿ ಹೇಗೆ ಹೇಳ್ತೀರಿ, ಹಾಗೇ ಹೇಳು ಅಂದೆ. "ಅವ ಬಡವ ಇದ್ರೂ ಪ್ರಾಮಾಣಿಕ ಅದಾನ್ರಿ" ಅಂದ. ಇದರಲ್ಲಿ ಆದರೆ ಎಲ್ಲಿದೆ ಅಂತ ಕೇಳಿದೆ. ಅವನು ಅದೇ ಮಾತನ್ನು ಇನ್ನೊಮ್ಮೆ ನಿಧಾನಕ್ಕೆ, ಬೆರಳು ಮಡಚುತ್ತಾ ಹೇಳಿಕೊಂಡ. "ಇಲ್ರಿ ಮೇಡಂ, ರೂ ಒಂದೇ ಐತ್ರಿ" ಅಂದ. ಆಮೇಲೆ ತಾನೇ ಹೋಗಿ ಅಂಗೈಯಿಂದ ಬಟ್ ಅಳಿಸಿದ. ಡಸ್ಟರ್ ಪಕ್ಕದಲ್ಲೇ ಇತ್ತು, ಅದನ್ನು ಮುಟ್ಟಲಿಲ್ಲ. ಬಿಳಿ ಅಂಗೈ ಹಿಡಿದುಕೊಂಡೇ ಬೆಂಚಿಗೆ ಹೋಗಿ ಕೂತ. ಆ ತಪ್ಪನ್ನು ಅವನು ಮತ್ತೆ ಮಾಡಿದ್ದು ನಾನು ನೋಡಲಿಲ್ಲ.

ಆವತ್ತಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕನ್ನಡದಲ್ಲಿ ಒಂದೇ ಗುರುತು ಇದ್ದರೆ, ಇಂಗ್ಲಿಷ್ ಬರೆಯುವಾಗ ಮಾತ್ರ ನಮ್ಮವರು ಎರಡು ಯಾಕೆ ಹಾಕ್ತಾರೆ? ಹಿಂದಿಯ ಪ್ರಭಾವ ಅಂತ ಕೆಲವರು ಹೇಳ್ತಾರೆ. ಅಲ್ಲಿ ಹಾಲಾಂಕಿ ಜೊತೆಗೆ ಲೇಕಿನ್ ಬರುತ್ತೆ, ಸಂಸ್ಕೃತದ ಯದ್ಯಪಿ-ತಥಾಪಿ ಕೂಡ ಜೋಡಿಯೇ. ಅದೂ ಇರಬಹುದು. ಆದರೆ ನನಗೆ ಅದಕ್ಕಿಂತ ದೊಡ್ಡ ಕಾರಣ ಕಾಣಿಸೋದು ಪದ ಕೂರುವ ಜಾಗದಲ್ಲಿ. "ಬಡವ ಇದ್ದರೂ ಪ್ರಾಮಾಣಿಕ" ಅನ್ನುವಾಗ ರೂ ಎಲ್ಲಿ ಬಂತು ನೋಡಿ. ಎರಡು ಮಾತು ಕೂಡುವ ಸಂದಿಯಲ್ಲೇ ಬಂತು, ಬಾಗಿಲಿನ ತಿರುಗಣಿ ಇದ್ದಹಾಗೆ. ಇಂಗ್ಲಿಷ್‌ನ ಆಲ್ದೋ ವಾಕ್ಯದ ತಲೆಗೆ ಹೋಗಿ ಕೂರುತ್ತೆ. ಆಗ ಸಂದಿ ಖಾಲಿ ಆಗುತ್ತೆ, ಅಲ್ಲಿ ಉಳಿಯೋದು ಒಂದು ಕಾಮಾ ಮಾತ್ರ. ನಮ್ಮ ಕಿವಿಗೆ ಆ ಜಾಗದಲ್ಲಿ ಏನಾದರೂ ಒಂದು ಬೇಕೇ ಬೇಕು. ಹುಟ್ಟಿದಾಗಿನಿಂದ ಅಲ್ಲಿ ರೂ ಕೇಳಿಕೊಂಡು ಬಂದ ಕಿವಿ ಅದು. ಹಾಗಾಗಿ ಕೈ ತಾನಾಗಿಯೇ ಅಲ್ಲಿ ಬಟ್ ತುಂಬಿಬಿಡುತ್ತೆ.

ಇದು ಗೊತ್ತಾದ ಮೇಲೆ ಪರಿಹಾರ ಸುಲಭ. ಆಲ್ದೋ ಬರೆದಿದ್ದೀರಾ? ಹಾಗಾದರೆ ಸಂದಿಯಲ್ಲಿ ಕಾಮಾ ಇಟ್ಟು ಮುಂದೆ ಹೋಗಿ. ಆ ಕಾಮಾನೇ ನಿಮ್ಮ ರೂ ಅಂದುಕೊಳ್ಳಿ. ಸಂದಿಯಲ್ಲಿ ಪದವೇ ಬೇಕು ಅನ್ನಿಸಿದರೆ ಆಲ್ದೋ ತೆಗೆದುಹಾಕಿ, ಬಟ್ ಉಳಿಸಿ. "ಆಲ್ದೋ ದ ಕಲರ್ ಈಸ್ ಗುಡ್, ದ ಮಾಯಿಶ್ಚರ್ ಈಸ್ ಹೈ." ಇಲ್ಲವೇ "ದ ಕಲರ್ ಈಸ್ ಗುಡ್, ಬಟ್ ದ ಮಾಯಿಶ್ಚರ್ ಈಸ್ ಹೈ." ಎರಡೂ ಸರಿ.

ಇದೇ ಕಾರಣದಿಂದ ಹುಟ್ಟುವ ಇನ್ನೊಂದು ತಪ್ಪು ನಿಮ್ಮ ಮೇಲ್‌ನಲ್ಲಿ ಇಲ್ಲ, ಆದರೆ ನನ್ನ ಹತ್ತಿರ ಬರುವ ಉತ್ತರ ಪತ್ರಿಕೆಗಳಲ್ಲಿ ಬಹಳ ಇರುತ್ತೆ. ಆಲ್ದೋ ಆದ ತಕ್ಷಣ ಕಾಮಾ: "ಆಲ್ದೋ, ದ ಕಲರ್ ಈಸ್ ಗುಡ್..." ನಾವು ಮಾತಿನಲ್ಲಿ "ಆದರೂ..." ಅಂತ ಎಳೆದು ಸ್ವಲ್ಪ ನಿಲ್ಲುತ್ತೇವಲ್ಲ, ಆ ನಿಲುಗಡೆ ಕಾಮಾ ಆಗಿ ಕಾಗದಕ್ಕೆ ಇಳಿಯುತ್ತೆ. ಅಲ್ಲಿ ಕಾಮಾ ಬೇಡ. ಮತ್ತೆ ಆಲ್ದೋದಿಂದ ಶುರುವಾದ ಅರ್ಧ ಮಾತಿಗೇ ಫುಲ್‌ಸ್ಟಾಪ್ ಹಾಕಬೇಡಿ. ಅಂಗಡಿಯಲ್ಲಿ ಕೂತು "ರೇಟ್ ಸ್ವಲ್ಪ ಜಾಸ್ತಿ ಆದ್ರೂ..." ಅಂತ ಮಾತು ಅರ್ಧಕ್ಕೆ ಬಿಟ್ಟರೆ ಎದುರಿನವರಿಗೆ ಉಳಿದದ್ದು ಅರ್ಥ ಆಗುತ್ತೆ, ಮುಖ ಕಾಣುತ್ತಲ್ಲ. ಮೇಲ್‌ನಲ್ಲಿ ಮುಖ ಕಾಣಲ್ಲ.

ಬಟ್ ಮತ್ತು ಆಲ್ದೋ ಎರಡೂ ಸರಿ ಅಂದೆ. ಹಾಗಂತ ಎರಡಕ್ಕೂ ಫರಕೇ ಇಲ್ಲ ಅಂತಲ್ಲ. ಬಟ್ ಎರಡು ಮಾತನ್ನೂ ಸಮ ತೂಕದಲ್ಲಿ ಇಡುತ್ತೆ, ಆಲ್ದೋ ತನ್ನ ಮುಂದೆ ಬರುವ ಮಾತನ್ನು ಸ್ವಲ್ಪ ಕೆಳಗಿಳಿಸುತ್ತೆ. "ಇದು ಇದೆ, ಒಪ್ಪಿಕೊಂಡೆ, ಆದರೆ ಮುಖ್ಯ ಅದು" ಅನ್ನೋ ಥರ. ಇದರ ಜೊತೆಗೆ, ಕೊನೆಗೆ ಬಂದ ಮಾತು ಓದುವವರ ಮನಸ್ಸಿನಲ್ಲಿ ಉಳಿಯುತ್ತೆ. ಕನ್ನಡದಲ್ಲೂ ಹೀಗೇ ಅಲ್ವಾ? "ಹುಡುಗ ಕಪ್ಪಗಿದ್ದಾನೆ, ಆದರೆ ಗುಣವಂತ" ಅಂದರೆ ಮನೆಯವರು ಮುಂದಿನ ಮಾತಿಗೆ ಕೂರ್ತಾರೆ. "ಗುಣವಂತ, ಆದರೆ ಕಪ್ಪಗಿದ್ದಾನೆ" ಅಂದರೆ ಚಹಾ ಕುಡಿದು ಏಳ್ತಾರೆ. ಸಂಗತಿ ಅದೇ, ಸಾಲು ಬೇರೆ.

ನಿಮ್ಮ ಮೇಲ್‌ನಲ್ಲಿ ನೀವು ಮಾಲು ಮಾರುವವರು. ಬಣ್ಣ ಚೆನ್ನಾಗಿದೆ ಅಂತ ಶುರು ಮಾಡಿ ತೇವ ಜಾಸ್ತಿ ಅನ್ನೋದರಲ್ಲಿ ಮುಗಿಸಿದ್ದೀರಿ. ಖರೀದಿದಾರರ ತಲೆಯಲ್ಲಿ ಉಳಿದದ್ದು ತೇವ. ತೇವದ ವಿಷಯ ಮುಚ್ಚಿಡಿ ಅಂತ ನಾನು ಹೇಳ್ತಿಲ್ಲ, ಖಂಡಿತ ಹೇಳಲೇಬೇಕು. ಮೊದಲು ಹೇಳಿ. "ಆಲ್ದೋ ದ ಮಾಯಿಶ್ಚರ್ ಈಸ್ ಎ ಲಿಟಲ್ ಹೈ, ದ ಕಲರ್ ಈಸ್ ವೆರಿ ಗುಡ್." ಸತ್ಯ ಎರಡೂ ಇದೆ, ತೂಕ ಮಾತ್ರ ನಿಮಗೆ ಬೇಕಾದ ಕಡೆ ಬಿತ್ತು. ಕನ್ನಡದಲ್ಲಿ ರೂ ಇರುವ ತುಂಡು ಸಾಮಾನ್ಯವಾಗಿ ಮೊದಲೇ ಬರಬೇಕು, ಇಂಗ್ಲಿಷ್‌ನಲ್ಲಿ ಆಲ್ದೋ ಇರುವ ತುಂಡನ್ನು ಹಿಂದಕ್ಕೂ ಹಾಕಬಹುದು: "ದ ಕಲರ್ ಈಸ್ ವೆರಿ ಗುಡ್, ಆಲ್ದೋ ದ ಮಾಯಿಶ್ಚರ್ ಈಸ್ ಎ ಲಿಟಲ್ ಹೈ." ನಮ್ಮವರು ಈ ಎರಡನೇ ದಾರಿಯನ್ನು ಬಳಸೋದೇ ಕಡಿಮೆ. ದೋಷವನ್ನು ಮೆತ್ತಗೆ, ಬಾಲದಲ್ಲಿ ಸೇರಿಸಿ ಹೇಳಬೇಕಾದಾಗ ಇದು ಬಹಳ ಉಪಯೋಗಕ್ಕೆ ಬರುತ್ತೆ.

ದೋ, ಆಲ್ದೋ ಎರಡರ ಅರ್ಥವೂ ಒಂದೇ. ದೋ ಮಾತಿಗೆ ಹತ್ತಿರ, ಆಲ್ದೋ ಬರವಣಿಗೆಗೆ ಹತ್ತಿರ, ಈವನ್ ದೋ ಒತ್ತಿ ಹೇಳೋದಕ್ಕೆ. ಆಲ್ ಮತ್ತು ದೋ ಸೇರಿಯೇ ಆಲ್ದೋ ಆಗಿದ್ದು. ದೋ ಒಂದಕ್ಕೆ ಮಾತ್ರ ಇನ್ನೊಂದು ಅನುಕೂಲ ಇದೆ, ಮಾತಿನ ಕೊನೆಗೂ ಬರುತ್ತೆ: "ದ ರೇಟ್ ಈಸ್ ಹೈ. ದ ಕಲರ್ ಈಸ್ ಗುಡ್, ದೋ." ಹುಬ್ಬಳ್ಳಿ ಕಡೆ "ಬಣ್ಣ ಛಲೋ ಐತಿ ಮತ್ತ" ಅಂತ ಎಳೀತೀವಲ್ಲ, ಆ ಧಾಟಿ. ಫೋನ್‌ನಲ್ಲಿ ಚೆನ್ನಾಗಿರುತ್ತೆ. ಆಲ್ದೋ ಹಾಗೆ ಕೊನೆಗೆ ಬರಲ್ಲ.

ಡಿಸ್ಪೈಟ್ ಆಫ್ ಬಗ್ಗೆ ಎರಡು ಮಾತು. ಇನ್ ಸ್ಪೈಟ್ ಆಫ್ ಸರಿ, ಡಿಸ್ಪೈಟ್ ಸರಿ, ಡಿಸ್ಪೈಟ್ ಆಫ್ ತಪ್ಪು. ಆದರೆ ಈ ತಪ್ಪಿಗೂ ಒಂದು ಕಥೆ ಇದೆ. ಹಿಂದೆ ಇಂಗ್ಲಿಷ್‌ನಲ್ಲಿ ಇನ್ ಡಿಸ್ಪೈಟ್ ಆಫ್ ಅಂತಲೇ ಬಳಕೆ ಇತ್ತು. ಡಿಸ್ಪೈಟ್ ಅಂದರೆ ತಿರಸ್ಕಾರ, ಲ್ಯಾಟಿನ್ ಮೂಲದಲ್ಲಿ ಕೀಳಾಗಿ ಕಾಣೋದು ಅಂತ ಅರ್ಥ. ಆ ಡಿಸ್ಪೈಟ್ ಸವೆದು ಸ್ಪೈಟ್ ಕೂಡ ಆಯಿತು. ಕಾಲ ಕಳೆದಂತೆ ಹಿಂದಿನ ಇನ್ ಮತ್ತು ಮುಂದಿನ ಆಫ್ ಎರಡೂ ಉದುರಿ ಡಿಸ್ಪೈಟ್ ಒಂಟಿಯಾಗಿ ನಿಂತಿತು. ಸ್ಪೈಟ್ ಮಾತ್ರ ತನ್ನ ಇನ್ ಮತ್ತು ಆಫ್ ಬಿಡಲಿಲ್ಲ. ಹಾಗಾಗಿ ಆಫ್ ಬೇಕು ಅನ್ನಿಸಿದರೆ ಇನ್ ಇದೆಯಾ ನೋಡಿ. ಇನ್ ಇದ್ದರೆ ಆಫ್ ಇರಲಿ, ಇಲ್ಲದಿದ್ದರೆ ಬೇಡ.

ಇವೆರಡರ ಮುಂದೆ ಪೂರ್ತಿ ವಾಕ್ಯ ಬರಲ್ಲ, ನಾಮಪದ ಬರುತ್ತೆ. "ಡಿಸ್ಪೈಟ್ ಇಟ್ ರೇನ್ಡ್" ತಪ್ಪು, "ಡಿಸ್ಪೈಟ್ ದ ರೇನ್" ಸರಿ. ಕ್ರಿಯಾಪದವೇ ಬೇಕಿದ್ದರೆ ಅದಕ್ಕೆ ಇಂಗ್ ಸೇರಿಸಿ: "ಡಿಸ್ಪೈಟ್ ವರ್ಕಿಂಗ್ ಆಲ್ ನೈಟ್, ವಿ ಡಿಡ್ ನಾಟ್ ಫಿನಿಶ್ ದ ಲೋಡಿಂಗ್." ಇಲ್ಲೂ ಕನ್ನಡ ನಮ್ಮನ್ನು ಒಂದು ಕಡೆ ಜಾರಿಸುತ್ತೆ. "ಜೋರು ಮಳೆ ಬಂದರೂ ನಾವು ಲೋಡ್ ಮಾಡಿದೆವು" ಅನ್ನುವಾಗ ಬಂದದ್ದು ಮಳೆ, ಲೋಡ್ ಮಾಡಿದ್ದು ನಾವು. ಕರ್ತೃ ಬೇರೆಬೇರೆ ಆದರೂ ರೂಗೆ ಏನೂ ತೊಂದರೆ ಇಲ್ಲ. ಅದನ್ನೇ "ಡಿಸ್ಪೈಟ್ ರೇನಿಂಗ್ ಹೆವಿಲಿ, ವಿ ಲೋಡೆಡ್ ದ ಲಾರಿ" ಅಂತ ಬರೆದರೆ ಇಂಗ್ಲಿಷ್‌ನಲ್ಲಿ ಮಳೆಯಾಗಿ ಸುರಿದವರೂ ನಾವೇ ಅಂತ ಅರ್ಥ ಬರುತ್ತೆ. ಇಂಗ್ ರೂಪದ ಕರ್ತೃ, ಮುಂದಿನ ವಾಕ್ಯದ ಕರ್ತೃ ಒಬ್ಬರೇ ಆಗಿರಬೇಕು. ಬೇರೆಬೇರೆ ಆದರೆ ಡಿಸ್ಪೈಟ್ ದ ಹೆವಿ ರೇನ್ ಅನ್ನಿ, ಇಲ್ಲವೇ ಸುಮ್ನೆ ಆಲ್ದೋಗೆ ಮರಳಿ ಬನ್ನಿ.

ಇಲ್ಲಿಗೆ ವ್ಯಾಕರಣದ ಮಾತು. ಆದರೆ ನಿಮ್ಮ ಎರಡನೇ ವಾಕ್ಯದಲ್ಲಿ ವ್ಯಾಕರಣಕ್ಕಿಂತ ದೊಡ್ಡ ತೊಂದರೆ ಇದೆ, ಅದನ್ನು ನಿಮಗೆ ಬೇರೆ ಯಾರೂ ಹೇಳಿರಲಿಕ್ಕಿಲ್ಲ. "ತೇವ ಜಾಸ್ತಿ ಇದೆ. ಇದರ ಹೊರತಾಗಿಯೂ ನಮ್ಮ ರೇಟ್ ಕಡಿಮೆ." ಕನ್ನಡದಲ್ಲಿ ಹೀಗೆ ಬಾಯಿಬಿಟ್ಟು ಓದಿ ನೋಡಿ. ಏನೋ ಸರಿ ಇಲ್ಲ ಅನ್ನಿಸುತ್ತಲ್ವಾ? ತೇವ ಜಾಸ್ತಿ ಇದ್ದ ಮೆಣಸಿನಕಾಯಿಗೆ ರೇಟ್ ಕಡಿಮೆ ಇರೋದು ಸಹಜ. ತೂಕದಲ್ಲಿ ನೀರೂ ಸೇರಿರುತ್ತೆ, ಇಟ್ಟರೆ ಬೂಷ್ಟು ಹಿಡಿಯುವ ಭಯ ಬೇರೆ. ಅಲ್ಲಿ ಯಾವ ನಿರೀಕ್ಷೆಯೂ ಮುರಿದಿಲ್ಲ. ನಿಮ್ಮ ಅಂಗಡಿಯಲ್ಲೇ ಇದನ್ನು ಹೇಳುವಾಗ "ತೇವ ಜಾಸ್ತಿ ಐತ್ರಿ, ಅದಕ್ಕ ರೇಟ್ ಕಮ್ಮಿ" ಅಂತೀರಿ. ಆ ಅದಕ್ಕ ಅನ್ನೋದು ಇಂಗ್ಲಿಷ್‌ನಲ್ಲಿ ಸೋ. ಡಿಸ್ಪೈಟ್ ಕೆಲಸವೇ ಅಲ್ಲ ಅದು. ಇಂಥ ಪದಗಳು ಕೇಳೋಕೆ ದೊಡ್ಡದಾಗಿರುತ್ತವೆ, ಮೇಲ್‌ಗೆ ತೂಕ ಬರಲಿ ಅಂತ ಸೇರಿಸಿಬಿಡ್ತೀವಿ. ಓದುವವರು ಪಾಪ ಅಲ್ಲಿ ವಿರೋಧ ಎಲ್ಲಿದೆ ಅಂತ ಹುಡುಕ್ತಾ ಕೂರ್ತಾರೆ.

ಹಾಗಾಗಿ ಪದ ಆರಿಸೋಕೆ ಮುಂಚೆ ಒಂದೇ ಒಂದು ಪ್ರಶ್ನೆ: ಮೊದಲ ಮಾತು ಕೇಳಿದವರು ಏನು ಅಂದುಕೊಳ್ತಾರೆ, ಎರಡನೇ ಮಾತು ಅದನ್ನು ಮುರಿಯುತ್ತಾ? ನಿಮ್ಮ ಮೆಣಸಿನಕಾಯಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲ್ಲ. ಬ್ಯಾಡಗಿ ಕಾಯಿ ಕಡುಗೆಂಪು, ಮೈಯೆಲ್ಲ ಸುಕ್ಕು. ಅದನ್ನು ಮೊದಲ ಸಲ ಕಂಡವರು ಕೆಂಪು ನೋಡಿಯೇ ಹೆದರ್ತಾರೆ, ಇಷ್ಟು ಕೆಂಪಿದೆ ಅಂದರೆ ನಾಲಿಗೆ ಸುಟ್ಟೇಹೋಗುತ್ತೆ ಅಂತ. ತಿಂದರೆ ಖಾರ ಅಷ್ಟಿಲ್ಲ. ಅವರಿಗೆ ಬರೆಯುವಾಗ ಆಲ್ದೋ ಸರಿಯಾಗಿ ಕೂರುತ್ತೆ: "ಆಲ್ದೋ ಬ್ಯಾಡಗಿ ಚಿಲ್ಲೀಸ್ ಆರ್ ಡೀಪ್ ರೆಡ್, ದೇ ಆರ್ ನಾಟ್ ವೆರಿ ಹಾಟ್." ಅದೇ ಮಾತನ್ನು ಹಾವೇರಿಯ ಮನೆಯೊಂದರಲ್ಲಿ ಯಾರೂ ಹಾಗೆ ಹೇಳಲ್ಲ. ಅಲ್ಲಿ ಯಾರಿಗೂ ಅಚ್ಚರಿ ಇಲ್ಲ, ಬಣ್ಣಕ್ಕೆ ಅಂತಲೇ ಅದನ್ನು ಸಾರಿಗೆ ಹಾಕೋದು. ಬಣ್ಣ ತೆಗೆಯುವ ಕಾರ್ಖಾನೆಯವರಿಗೂ ಅಚ್ಚರಿ ಇಲ್ಲ. ಆಹಾರಕ್ಕೆ, ಲಿಪ್‌ಸ್ಟಿಕ್‌ಗೆ ಹಾಕೋಕೆ ಅವರು ಅದರ ಬಣ್ಣಕ್ಕಾಗಿಯೇ ಕೊಳ್ತಾರೆ, ಆಸ್ಟಾ ಅನ್ನೋ ಬಣ್ಣದ ಮಾನದಲ್ಲಿ ಅಳೆದು ನೋಡ್ತಾರೆ. ಅವರಿಗೆ ಬರೆಯುವಾಗ ಅಂಡ್ ಸಾಕು. ಯಾರ ನಿರೀಕ್ಷೆ ಮುರಿಯುತ್ತಿದೆ ಅನ್ನೋದು ಓದುವವರನ್ನು ನೋಡಿ ಗೊತ್ತಾಗಬೇಕು.

ನಿರೀಕ್ಷೆ ಮುರಿಯದೆ, ಸುಮ್ನೆ ಎರಡನ್ನು ಪಕ್ಕಪಕ್ಕ ಇಟ್ಟು ಹೀಗೊಂದು ಹಾಗೊಂದು ಅನ್ನುವಾಗ ವೇರ್‌ಆ್ಯಸ್ ಬರುತ್ತೆ. ಬ್ಯಾಡಗಿ ಕಾಯಿಯ ಎರಡು ಬಗೆ, ಡಬ್ಬಿ ಮತ್ತು ಕಡ್ಡಿಯನ್ನೇ ತಗೊಳ್ಳಿ: "ದ ಡಬ್ಬಿ ಈಸ್ ಶಾರ್ಟ್ ಅಂಡ್ ಪ್ಲಂಪ್, ವೇರ್‌ಆ್ಯಸ್ ದ ಕಡ್ಡಿ ಈಸ್ ಲಾಂಗ್ ಅಂಡ್ ಥಿನ್." ಡಬ್ಬಿ ದಪ್ಪ ಇದೆ ಅಂದ ಮಾತ್ರಕ್ಕೆ ಕಡ್ಡಿಯೂ ದಪ್ಪ ಇರಬೇಕು ಅಂತ ಯಾರೂ ಅಂದುಕೊಂಡಿರಲಿಲ್ಲ, ಹಾಗಾಗಿ ಇಲ್ಲಿ ಆಲ್ದೋ ಹಾಕಿದರೆ ವಿಚಿತ್ರ ಆಗುತ್ತೆ. ಕನ್ನಡದಲ್ಲಿ ಇಂಥ ಕಡೆ ನಾವು ಪದವನ್ನೇ ಹಾಕಲ್ಲ, "ಡಬ್ಬಿ ದಪ್ಪ, ಕಡ್ಡಿ ತೆಳ್ಳಗೆ" ಅಷ್ಟೇ. ಹಾಗಾಗಿಯೇ ವೇರ್‌ಆ್ಯಸ್ ನಮ್ಮ ಬಾಯಿಗೆ ಬೇಗ ಬರಲ್ಲ. ವೈಲ್ ಕೂಡ ಇದೇ ಕೆಲಸ ಮಾಡುತ್ತೆ. ಆದರೆ ಅದಕ್ಕೆ ಸಮಯದ ಅರ್ಥವೂ ಇದೆ, ಗೊಂದಲ ಆಗುವಂತಿದ್ದರೆ ವೇರ್‌ಆ್ಯಸ್ ಒಳ್ಳೆಯದು.

ಆನ್ ದ ಅದರ್ ಹ್ಯಾಂಡ್, ಆನ್ ದ ಕಾಂಟ್ರರಿ ಎರಡನ್ನೂ ಒಂದೇ ಅಂತ ಬಳಸಬೇಡಿ. ಮೊದಲನೆಯದು ಇನ್ನೊಂದು ಮಗ್ಗುಲು ತೋರಿಸುತ್ತೆ, ಎರಡೂ ನಿಜ ಇರಬಹುದು. ಎರಡನೆಯದು "ಹಾಗಲ್ಲ, ಅದಕ್ಕೆ ತದ್ವಿರುದ್ಧ" ಅಂತ ಹಿಂದಿನ ಮಾತನ್ನೇ ಅಳಿಸುತ್ತೆ. ಯಾರಾದರೂ "ಈ ಲಾಟ್ ಹಳೆಯದಾ?" ಅಂತ ಕೇಳಿದರೆ "ಆನ್ ದ ಕಾಂಟ್ರರಿ, ಇಟ್ ಕೇಮ್ ದಿಸ್ ವೀಕ್" ಅನ್ನಿ. ನೆವರ್‌ದಲೆಸ್ ನಿಮ್ಮ ಮೇಲ್‌ಗೆ ಬೇಡ, ಬಟ್ ಇದ್ದರೆ ಸಾಕು.

ಹೌಎವರ್ ಬಗ್ಗೆ ಎರಡು ವಿಷಯ ಮುಖ್ಯ. ಅದು ಬಟ್ ಥರ ಎರಡು ವಾಕ್ಯ ಹೊಲಿಯುವ ದಾರ ಅಲ್ಲ. "ಅವರ್ ರೇಟ್ ಈಸ್ ಲೋ, ಹೌಎವರ್ ಯು ಕ್ಯಾನ್ ಚೆಕ್" ಅಂತ ಹಿಂದೆ ಬರೀ ಕಾಮಾ ಇಟ್ಟು ಜೋಡಿಸಬಾರದು. ಹಿಂದೆ ಫುಲ್‌ಸ್ಟಾಪ್ ಇಲ್ಲವೇ ಸೆಮಿಕೋಲನ್, ಮುಂದೆ ಕಾಮಾ. "ದ ರೇಟ್ ಈಸ್ ಹೈ. ಹೌಎವರ್, ದ ಕಲರ್ ಈಸ್ ವೆರಿ ಗುಡ್." ಎರಡನೆಯದು, ನಿಮ್ಮ ವಾಕ್ಯದಲ್ಲಿ ಇಲ್ಲೂ ವಿರೋಧ ಇಲ್ಲ. ರೇಟ್ ಕಡಿಮೆ, ಸ್ಯಾಂಪಲ್ ನೋಡಿ ಅನ್ನೋದು ನೇರ ಮಾತು. ನೀವು "ಏನೇ ಇರಲಿ, ಸ್ಯಾಂಪಲ್ ನೋಡಿ" ಅನ್ನೋ ಧಾಟಿಯಲ್ಲಿ ಹಾಕಿದ್ದೀರಿ. ಸುಮ್ನೆ ಪ್ಲೀಸ್ ಅನ್ನಿ. ಗುಣವಾಚಕದ ಜೊತೆ ಬಂದರೆ ಇದೇ ಪದ ಎಷ್ಟೇ ಅಂತಲೂ ಆಗುತ್ತೆ: "ಹೌಎವರ್ ರೆಡ್ ಇಟ್ ಲುಕ್ಸ್", ಅಂದರೆ ಎಷ್ಟೇ ಕೆಂಪಗೆ ಕಂಡರೂ. ಆಗ ಅದರ ಮುಂದೆ ಕಾಮಾ ಬರಲ್ಲ.

ತಂಗಿಯ ಯೆಟ್ ವಿಷಯಕ್ಕೆ ಬರ್ತೀನಿ. ಅವಳು ಹೇಳಿದ್ದಕ್ಕೆ ಆಧಾರ ಇಲ್ಲದೇ ಇಲ್ಲ. ದೋ ಜೊತೆ ಯೆಟ್ ಬರೋದು ಹಳೆಯ ಇಂಗ್ಲಿಷ್ ಬರವಣಿಗೆಯಲ್ಲಿ ಮಾಮೂಲು. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲ್‌ನಲ್ಲೂ ಈ ಜೋಡಿ ಇದೆ. ನಮ್ಮ ಶಾಲೆಗಳಲ್ಲಿ ತಲೆಮಾರುಗಳಿಂದ ನಡೆದು ಬಂದ ವ್ಯಾಕರಣ ಪಾಠದಲ್ಲೂ ದೋ-ಯೆಟ್ ಜೋಡಿ ಪದ ಅಂತಲೇ ಕಲಿಸಿದ್ದಾರೆ. ಹಾಗಾಗಿ ಅದು ತಪ್ಪಲ್ಲ. ಆದರೆ "ಬರಬೇಕು" ಅನ್ನೋದು ತಪ್ಪು. ಈಗಿನ ಬರವಣಿಗೆಯಲ್ಲಿ ಆ ಯೆಟ್ ಬಿಟ್ಟು ಕಾಮಾ ಮಾತ್ರ ಇಡ್ತಾರೆ. ತಂಗಿಗೆ ಹೀಗೆ ಹೇಳಿ: ತಪ್ಪು ಹುಡುಕುವ ಪ್ರಶ್ನೆಯಲ್ಲಿ ಆಲ್ದೋ ಜೊತೆ ಬಟ್ ಕಂಡರೆ ತಪ್ಪು ಅಲ್ಲೇ ಇದೆ ಅಂತ ಗುರುತು ಹಾಕು. ಯೆಟ್ ಕಂಡರೆ ಅದನ್ನು ಬಿಟ್ಟು ಬೇರೆ ಕಡೆ ತಪ್ಪು ಇದೆಯಾ ಅಂತ ಮೊದಲು ನೋಡು.

ವಾಕ್ಯವನ್ನು ಬಟ್‌ನಿಂದ ಶುರು ಮಾಡಬಾರದು ಅಂತ ಶಾಲೆಯಲ್ಲಿ ಹೇಳಿರ್ತಾರೆ. ಅಂಥ ಕಟ್ಟು ಇಂಗ್ಲಿಷ್‌ನಲ್ಲಿ ಇಲ್ಲ, ಆಗಾಗ ಶುರು ಮಾಡಬಹುದು. ಮಕ್ಕಳು ಪ್ರತಿ ಸಾಲಿಗೂ ಬಟ್ ಹಾಕೋದು ತಪ್ಪಿಸೋಕೆ ಹೇಳಿದ ಮಾತು ಅದು. ಈ ಸಣ್ಣ ಪದದ ಮೇಲೆ ನನಗೆ ಬಹಳ ಪ್ರೀತಿ. ಅದರ ಹಳೆಯ ರೂಪಕ್ಕೆ ಹೊರಗೆ ಅಂತ ಅರ್ಥ ಇತ್ತು, ಆಮೇಲೆ ಬಿಟ್ಟು ಅಂತಾಯಿತು, ಆಮೇಲೆ ಆದರೆ ಅಂತಾಯಿತು. ಈಗಲೂ "ಎವ್ರಿವನ್ ಬಟ್ ಹಿಮ್ ಕೇಮ್" ಅಂದರೆ ಅವನ ಹೊರತು ಎಲ್ಲರೂ ಬಂದರು ಅಂತ. ನಮ್ಮ ಹೊರತು ಕೂಡ ಹೊರ ಅನ್ನೋದರಿಂದಲೇ ಬಂದದ್ದು. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಭಾಷೆಗಳು ಒಂದೇ ಥರ ಯೋಚನೆ ಮಾಡಿವೆ ನೋಡಿ. "ಬಣ್ಣಕ್ಕೆ ಹೊರತು ಖಾರಕ್ಕಲ್ಲ" ಅಂತ ನಿಮ್ಮ ಊರಲ್ಲಿ ಅಂದಾಗಲೆಲ್ಲ ನನಗೆ ಇದು ನೆನಪಾಗುತ್ತೆ.

ನಿಮ್ಮ ಅಂಗಡಿಯ ಹಿರಿಯರ "ಎಲ್ಲಾ ನಡೆಯುತ್ತೆ" ಅನ್ನೋ ಮಾತನ್ನು ನಾನು ಅರ್ಧ ಒಪ್ತೀನಿ. ಆಲ್ದೋ ಜೊತೆ ಬಟ್ ಬಂದರೂ ಖರೀದಿದಾರರಿಗೆ ಅರ್ಥ ಆಗುತ್ತೆ, ಮಾಲು ಹೋಗುತ್ತೆ. ಈವನ್ ಇಫ್ ಜಾಗದಲ್ಲಿ ಈವನ್ ದೋ ಬಂದರೆ ನಡೆಯಲ್ಲ. ಅದನ್ನು ನೀವೇ ನೋಡಿದಿರಿ.

ನಾನಾಗಿದ್ದರೆ ಆ ಮೇಲ್ ಹೀಗೆ ಬರೀತಿದ್ದೆ:

"ದ ಮಾಯಿಶ್ಚರ್ ಇನ್ ದಿಸ್ ಲಾಟ್ ಈಸ್ ಎ ಲಿಟಲ್ ಹೈ, ಸೋ ವಿ ಹ್ಯಾವ್ ಕೆಪ್ಟ್ ದ ರೇಟ್ ಲೋ. ದ ಕಲರ್, ಹೌಎವರ್, ಈಸ್ ವೆರಿ ಗುಡ್. ಪ್ಲೀಸ್ ಚೆಕ್ ದ ಸ್ಯಾಂಪಲ್. ಈವನ್ ಇಫ್ ಯುವರ್ ಪೇಮೆಂಟ್ ಈಸ್ ಎ ಲಿಟಲ್ ಲೇಟ್, ವಿ ವಿಲ್ ಸೆಂಡ್ ದ ಗೂಡ್ಸ್ ಆನ್ ಟೈಮ್."

ಹೌಎವರ್ ಇಲ್ಲಿ ನಡುವೆ ಬಂದಿದೆ, ಎರಡೂ ಪಕ್ಕ ಕಾಮಾ ಇದೆ. ಹಾಗೆ ಬಂದಾಗ ಅದರ ಮುಂಚಿನ ಪದಕ್ಕೆ, ಅಂದರೆ ಕಲರ್‌ಗೆ, ಒತ್ತು ಬೀಳುತ್ತೆ. "ಬಣ್ಣ ಮಾತ್ರ" ಅಂದಹಾಗೆ. ಪೇ ಅನ್ನೋ ಕಡೆ ಪೇಮೆಂಟ್ ಹಾಕಿದ್ದೂ ಬೇಕಂತಲೇ, "ನೀವು" ಅಂತ ಬೆರಳು ತೋರಿಸೋದು ತಪ್ಪಿತು.

ಇದನ್ನು ಕಳಿಸೋ ಮುಂಚೆ ಆ ಪಾರ್ಟಿಯವರಿಗೆ ಇವತ್ತೇ ಒಂದು ಸಾಲು ಹಾಕಿ. ತಡ ಮಾಡಬೇಡಿ, ಉದ್ದವೂ ಬೇಡ. "ಐ ಆಮ್ ಸಾರಿ ಫಾರ್ ಮೈ ಲಾಸ್ಟ್ ಮೇಲ್. ಐ ರೋಟ್ ಈವನ್ ದೋ, ಬಟ್ ಐ ಮೆಂಟ್ ಈವನ್ ಇಫ್. ಯುವರ್ ಪೇಮೆಂಟ್ಸ್ ಹ್ಯಾವ್ ಆಲ್ವೇಸ್ ಬೀನ್ ಆನ್ ಟೈಮ್." ಕೊನೆಯ ಸಾಲು ನಿಜ ಇದ್ದರೆ ಮಾತ್ರ ಹಾಕಿ.